"ಯುದ್ಧ ಬೇಕು ಅನ್ನೋರು ಮೊದಲು ಭರ್ತಿಗೆ ಹೋಗ್ಲಿ": ಇದು ವಾದ ಹೌದೋ, ಬರೇ ಬಾಯಿ ಮುಚ್ಚಿಸೂದೋ?

ತೊಗರಿ_ಕಣಜ (ಕಲಬುರಗಿ)
ಕಾಲೇಜಿನ್ಯಾಗ ಚರ್ಚಾಸ್ಪರ್ಧೆ ಅದ. ವಿಷಯ: "ಯುದ್ಧವನ್ನು ಬೆಂಬಲಿಸುವ ಯುವಕರಿಗೆ ಸೇನೆ ಸೇರುವ ಹೊಣೆಯೂ ಇದೆ". 2025ರ ಮೇದಾಗ ಆಪರೇಷನ್ ಸಿಂಧೂರ ನಡೆದಾಗ ಎಲ್ಲಾ ವಾಟ್ಸಾಪ್ ಗ್ರೂಪಿನ್ಯಾಗೂ ಇದೇ ಜಗಳ ಇತ್ತು. 7ಕ್ಕ ಶುರು ಆಗಿ 10ಕ್ಕ ಗಡಿಯಾಗ ಗುಂಡು ನಿಂತ್ವು, ಗ್ರೂಪಿನ ಜಗಳ ಇನ್ನೂ ನಿಂತಿಲ್ಲ. ಒಬ್ಬ "ಇನ್ನೂ ಹೊಡೀಬೇಕಿತ್ತು" ಅಂತಾನ, ಇನ್ನೊಬ್ಬ "ಅಷ್ಟು ಹುರುಪಿದ್ರ ನೀನೇ ಹೋಗಪಾ" ಅಂತಾನ. ಅಲ್ಲಿಗೆ ಮಾತು ಖಲಾಸ್.
ನನಗ ಎರಡು ಬೇಕ್ರಿ. ಒಂದು, "ಹೋಗಪಾ" ಅಂದ್ರ ಹೋಗೂದು ಖರೇನೇ ಹೆಂಗ? ಅಂಕಿಸಂಖ್ಯೆ ಸಮೇತ ಹೇಳ್ರಿ. ಎರಡು, ಈ ವಾದಕ್ಕ ತಳಪಾಯ ಅದನೋ ಇಲ್ಲೋ? ಬೈಗುಳ ಬ್ಯಾಡ.

ಸೂಪರ್‌ಮಾರ್ಕೆಟ್_ಕಟ್ಟಿ
ಇದ್ರಾಗ ಚರ್ಚೆ ಏನದ? ಸ್ಟೇಟಸ್ ಹಾಕ್ಲಿಕ್ಕ ಬೆರಳು ಸಾಕು. ಮೊದಲು ಓಡ್ರಿ, ಆಮ್ಯಾಲ ಕೂಗ್ರಿ.

ಶಹಾಬಾದ್_ಕಲ್ಲು
ಹಂಗಾದ್ರ ತೊಗರಿ ಬೆಂಬಲ ಬೆಲೆ ಬಗ್ಗೆ ಹೊಲ ಇದ್ದೋರು ಅಷ್ಟೇ ಮಾತಾಡ್ಬೇಕೇನ್ರಿ? ಯುದ್ಧ ಸರಿಯೋ ತಪ್ಪೋ ಅನ್ನೂದು ಹೇಳೋನ ಎದೆ ಅಳತಿ ಮ್ಯಾಲ ನಿಂತಿಲ್ಲ. ಹೇಳೋನು ಹೇಡಿ ಇದ್ರೂ ಮಾತು ಖರೇ ಇರಬಹುದು, ಶೂರ ಇದ್ರೂ ಸುಳ್ಳಿರಬಹುದು.

ಸೂಪರ್‌ಮಾರ್ಕೆಟ್_ಕಟ್ಟಿ
ಬೆಲೆ ಇಳಿದ್ರ ಯಾರೂ ಸಾಯಂಗಿಲ್ಲ.

ಶಹಾಬಾದ್_ಕಲ್ಲು
ಈ ಜಿಲ್ಲಾದಾಗ ನಿಂತು ಆ ಮಾತು ಹೇಳಬ್ಯಾಡ್ರಿ.

ಮಾಜಿ_ಹವಾಲ್ದಾರ್ (ಬೀದರ್)
ತಮ್ಮಾ, ಮೊದಲನೇ ಪ್ರಶ್ನೆಗೆ ನಾನು ಹೇಳ್ತೀನಿ. ಎರಡನೆಯದು ನೀವು ಬಡಿದಾಡ್ರಿ.

ನಾಲ್ಕು ವರ್ಷದ ಸೇನಾ ಭರ್ತಿ ಯೋಜನೆ ಅಗ್ನಿಪಥ ಘೋಷಣೆ ಆಗಿದ್ದು 2022ರ ಜೂನ್ 14ಕ್ಕೆ. ಜವಾನ ದರ್ಜೆಗೆ ಈಗ ಅದೇ ದಾರಿ, ಸೇರಿದವರನ್ನು ಅಗ್ನಿವೀರ್ ಅಂತಾರೆ. ಶುರುವಿನಲ್ಲಿ ವಯಸ್ಸು ಹದಿನೇಳೂವರೆಯಿಂದ 21, ಆ ಒಂದು ವರ್ಷಕ್ಕೆ ಮಾತ್ರ 23ರವರೆಗೆ ಬಿಟ್ಟಿದ್ದರು. ಈಗಿನ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು. ಜನರಲ್ ಡ್ಯೂಟಿಗೆ (ಸಾಮಾನ್ಯ ಸೈನಿಕ ಹುದ್ದೆ) ಎಸ್ಸೆಸ್ಸೆಲ್ಸಿ ಒಟ್ಟು 45%, ಪ್ರತಿ ವಿಷಯದಲ್ಲೂ 33%. ನಮ್ಮ ರಾಜ್ಯದವರಿಗೆ ಎತ್ತರ 166 ಸೆಂ.ಮೀ, ಎದೆ 77, ಉಸಿರು ತುಂಬಿದಾಗ 5 ಸೆಂ.ಮೀ ಹಿಗ್ಗಬೇಕು. ಮದುವೆ ಆಗಿರಬಾರದು.

2023ರಿಂದ ಕ್ರಮ ಬದಲಾಗಿದೆ. ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ಗ್ರೌಂಡಿನ ಓಟ, ಕಸರತ್ತಿನ ರ‍್ಯಾಲಿ. ಜನರಲ್ ಡ್ಯೂಟಿಗೆ 50 ಪ್ರಶ್ನೆ, 100 ಅಂಕ, ಒಂದು ಗಂಟೆ. ತಪ್ಪಿಗೆ ಅರ್ಧ ಅಂಕ ಕಟ್. ಈಗ ಕನ್ನಡದಲ್ಲೂ ಬರೆಯಬಹುದು. ನಮ್ಮ ಕಡೆ ಹುಡುಗರು ಗ್ರೌಂಡಿನಲ್ಲಿ ಬೆವರು ಸುರಿಸಿ ಗಣಿತದಲ್ಲಿ ಉಳೀತಾರೆ. ಹಳೇ ಕಾಲದ ಹಾಗೆ ಮೊದಲು ದೌಡ್, ಆಮೇಲೆ ಪೇಪರ್ ಅಂದ್ಕೊಂಡೇ ತಯಾರಿ ಮಾಡೋರು ಇನ್ನೂ ಇದ್ದಾರೆ.

ರ‍್ಯಾಲಿಯಲ್ಲಿ 1.6 ಕಿ.ಮೀ ಓಟ. 5 ನಿಮಿಷ 30 ಸೆಕೆಂಡ್ ಒಳಗೆ ಬಂದರೆ 60 ಅಂಕ. 5:31ರಿಂದ 5:45ರೊಳಗೆ 48. ಆಮೇಲೆ ಬೀಮ್, ಅಂದರೆ ಸಳಿ ಹಿಡಿದು ಮೈ ಮೇಲೆತ್ತೋದು: 10 ಹೊಡೆದರೆ 40, 9ಕ್ಕೆ 33, 8ಕ್ಕೆ 27, 7ಕ್ಕೆ 21, 6ಕ್ಕೆ 16. ಒಂಬತ್ತು ಅಡಿ ಹಳ್ಳ ಹಾರೋದು, ಜಿಗ್‌ಜಾಗ್ ಕಟ್ಟೆ ಮೇಲೆ ನಡೆಯೋದು, ಇವೆರಡಕ್ಕೆ ಅಂಕ ಇಲ್ಲ, ಪಾಸಾದರೆ ಸಾಕು. ಇಷ್ಟಾದ ಮೇಲೆ ದಾಖಲೆ, ಮೆಡಿಕಲ್, ಮೆರಿಟ್ ಪಟ್ಟಿ.

ಯಾದಗಿರಿ_ಎಕ್ಸ್‌ಪ್ರೆಸ್
ಕಾಕಾ, ನಮಗ ಬೆಂಗಳೂರು ಆಫೀಸೇ ಬರ್ತದಲ್ರಿ?

ಮಾಜಿ_ಹವಾಲ್ದಾರ್
ಇಲ್ಲ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ ಎಲ್ಲಾ ಬೆಳಗಾವಿ ಭರ್ತಿ ಕಚೇರಿಗೆ. ಬೆಂಗಳೂರಿನದು ಅದರ ಮೇಲಿನ ವಲಯ ಕಚೇರಿ.

ನಾಲ್ಕನೇ_ಸುತ್ತು
ಓಟದ ಬಗ್ಗೆ ಯಾರೂ ಹೇಳದ ಲೆಕ್ಕ ಒಂದಿದೆ. 400 ಮೀಟರಿನ ಟ್ರ್ಯಾಕಿನಲ್ಲಿ 4 ಸುತ್ತು. 5:30 ಅಂದರೆ ಸುತ್ತಿಗೆ 82.5 ಸೆಕೆಂಡ್. ರ‍್ಯಾಲಿಯಲ್ಲಿ ದೊಡ್ಡ ಗುಂಪನ್ನು ಒಟ್ಟಿಗೆ ಬಿಡುತ್ತಾರೆ, ತಳ್ಳಾಟಕ್ಕೆ ಹೆದರಿ ಹುಡುಗರು ಮೊದಲ ಸುತ್ತನ್ನೇ 70ಕ್ಕೆ ಓಡಿಬಿಡುತ್ತಾರೆ. ಮೂರನೇ ಸುತ್ತಿಗೆ ಕಾಲು ಕಲ್ಲಾಗುತ್ತದೆ. ಸುಮ್ಮನೆ ಹೊರಗಿನಿಂದ ಓಡುತ್ತೀನಿ ಅಂದರೂ ನಷ್ಟ: ಲೇನಿನ ಅಗಲ 1.22 ಮೀಟರ್, ಒಂದು ಲೇನ್ ಹೊರಗಿದ್ದರೆ ಸುತ್ತಿಗೆ ಸುಮಾರು 7.7 ಮೀಟರ್ ಹೆಚ್ಚು. ನಾಲ್ಕು ಸುತ್ತಿಗೆ 30 ಮೀಟರ್, ಅಂದರೆ ಆ ವೇಗದಲ್ಲಿ 6 ಸೆಕೆಂಡ್. 60 ಅಂಕ ಹೋಗಿ 48 ಆಗೋದಕ್ಕೆ 1 ಸೆಕೆಂಡ್ ಸಾಕು. ಮೊದಲ 100 ಮೀಟರ್ ಮಾತ್ರ ಜೋರು, ಆಮೇಲೆ ಒಳಲೇನಿಗೆ ಬಂದು 82ಕ್ಕೆ ಕೂರಬೇಕು.
ನಮ್ಮ ಬಿಸಿಲಿಗೆ ಬೆಳಗ್ಗೆ ಆರರೊಳಗೆ ಅಭ್ಯಾಸ ಮುಗಿಸಿ. ಡಾಂಬರು ರಸ್ತೆ ಮೇಲೆ ದಿನಾ ಓಡಿದರೆ ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಮಣ್ಣಿನ ಗ್ರೌಂಡ್ ಹುಡುಕಿ.

ಬಿದ್ರಿ_ಕುಸುರಿ
ಬೀಮಿನಾಗ ಎಲ್ಲಿ ಕಟ್ ಆಗ್ತಾರ ಅಂದ್ರ, ಕೆಳಗ ಬಂದಾಗ ಕೈ ಪೂರಾ ನೆಟ್ಟಗ ಮಾಡಂಗಿಲ್ಲ, ಮ್ಯಾಲ ಹೋದಾಗ ಗದ್ದ ಸಳಿ ದಾಟಂಗಿಲ್ಲ. ಕಾಲು ಝಾಡಿಸಿ ಏರಿದ್ರ ಎಣಸಂಗಿಲ್ಲ. ಜಿಮ್ಮಿನಾಗ 12 ಹೊಡ್ಯೋನು ಅಲ್ಲಿ 6ಕ್ಕ ನಿಂತು ಬಿಡ್ತಾನ, ಯಾಕಂದ್ರ ಓಡಿ ದಣಿದ ಮ್ಯಾಲ ಬೀಮ್. ಮನ್ಯಾಗೂ ಓಡಿ ಬಂದ ಮ್ಯಾಲೇ ಹೊಡೀರಿ. ಇನ್ನ ಗುಟ್ಕಾ ತಿಂದು ಬಾಯಿ ತೆರಿಯೂದು ಕಮ್ಮಿ ಆಗಿದ್ರ ಮೆಡಿಕಲ್‌ನಾಗ ಸಿಕ್ಕೊಂಡ್ರಿ ಅಂತ ತಿಳೀರಿ. ಹಲ್ಲು ಎಣಿಸಿ ಪಾಯಿಂಟ್ ಕೊಡ್ತಾರ, ಅದೂ 14 ಬೇಕು. ಕಿವಿ ಗುಗ್ಗಿ ಮುಂಚೇನೇ ಡಾಕ್ಟರ್ ಹತ್ರ ತೆಗೆಸಿಕೊಂಡು ಹೋಗ್ರಿ.

ಶಹಾಬಾದ್_ಕಲ್ಲು
ಈಗ ನನ್ನ ವಾದ ತಾನೇ ನಿಂತ್ತು ನೋಡ್ರಿ. ಇದು ಆಯ್ಕೆ, ಹಾಜರಿ ಅಲ್ಲ. ಬಂದೋರಾಗ ಹೆಚ್ಚಿನ ಮಂದಿ ವಾಪಸ್ ಬರ್ತಾರ. 165 ಸೆಂ.ಮೀ ಎತ್ತರ ಇದ್ದೋನಿಗೆ ಯುದ್ಧದ ಬಗ್ಗೆ ಅಭಿಪ್ರಾಯ ಇರಬಾರದು, 166 ಇದ್ದೋನಿಗೆ ಇರಬಹುದು ಅಂತೀರೇನು? ಬಣ್ಣ ಗುರುತು ಹಿಡೀಲಿಕ್ಕ ಬರದೋನು, ಚಪ್ಪಟೆ ಪಾದದೋನು, ವಯಸ್ಸು ದಾಟಿದೋನು, ಇವರದೆಲ್ಲಾ ಬಾಯಿ ಬಂದ್ ಆಯ್ತು.

ಸೂಪರ್‌ಮಾರ್ಕೆಟ್_ಕಟ್ಟಿ
ಜಾರ್ಕೊಬ್ಯಾಡ್ರಿ. ಹೋಗಿ ರಿಜೆಕ್ಟ್ ಆದೋನನ್ನ ಯಾರೂ ಕೇಳಂಗಿಲ್ಲ. ಅರ್ಜಿ ಹಾಕದೋನನ್ನ ಕೇಳ್ತಾರ. ವಯಸ್ಸಿನ ನೆಪ ಇದ್ರ ಟೆರಿಟೋರಿಯಲ್ ಆರ್ಮಿ (ಟಿ.ಎ) ಅದ, 42ರ ತನಕ. ನೌಕರಿ, ಧಂದಾ ಬಿಡೂದೂ ಬೇಕಾಗಿಲ್ಲ.

ಮಾಜಿ_ಹವಾಲ್ದಾರ್
ಅದು ಸರಿ, ಆದರೆ ಅರ್ಧ. ಟಿ.ಎ ಅಧಿಕಾರಿ ಆಗೋದಕ್ಕೆ ಪದವಿ ಬೇಕು, ಸ್ವಂತ ದುಡಿಮೆಯ ಆದಾಯ ಇರಬೇಕು. ವರ್ಷಕ್ಕೆ ಸುಮಾರು ಎರಡು ತಿಂಗಳು ತರಬೇತಿ. ಕರೆದಾಗ ಹೋಗಬೇಕು, "ಸೀಸನ್ ಐತಿ, ಅಂಗಡಿ ಬಿಡಲಾರೆ" ಅನ್ನೋ ಹಾಗಿಲ್ಲ. 2025ರ ಮೇ 6ರ ಆದೇಶದಲ್ಲಿ ಟಿ.ಎಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿದ್ದರು. ಅವಾಗ ಗ್ರೂಪುಗಳಲ್ಲಿ "ನಮ್ಮನ್ನೂ ಕರೀರಿ" ಅಂತ ಬರೆದವರಲ್ಲಿ ಟಿ.ಎ ಅಂದರೇನು ಅಂತ ಗೊತ್ತಿದ್ದವರು ಎಷ್ಟು ಮಂದಿಯೋ.

ಶರಣಮ್ಮನ_ಮಗಳು (ಸೇಡಂ)
ಒಂದು ಗಮನಿಸಿದಿರಾ? "ನೀನೇ ಹೋಗಪಾ" ಅಂತ ಹುಡುಗರಿಗೇ ಹೇಳ್ತೀರಿ. ಹುಡುಗಿ ಯುದ್ಧ ಬೇಕು ಅಂದರೆ ನಗ್ತೀರಿ, ಬೇಡ ಅಂದರೆ "ನಿಂಗೇನು ಗೊತ್ತು" ಅಂತೀರಿ. ಮಹಿಳೆಯರಿಗೂ ಅಗ್ನಿವೀರ್ ಇದೆ, ಮಿಲಿಟರಿ ಪೊಲೀಸ್ ವಿಭಾಗದಲ್ಲಿ. 1.6 ಕಿ.ಮೀ 7 ನಿಮಿಷ 30 ಸೆಕೆಂಡಿಗೆ ಮೊದಲ ಗುಂಪು, 8 ನಿಮಿಷಕ್ಕೆ ಎರಡನೆಯದು. ಉದ್ದ ಜಿಗಿತ 10 ಅಡಿ, ಎತ್ತರ 3 ಅಡಿ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರಿದ ಮೊದಲ ತಂಡದ 17 ಹುಡುಗಿಯರು 2025ರ ಮೇ 30ಕ್ಕೆ ಪಾಸಾಗಿ ಹೊರಬಂದರು. ಪಿಯುಸಿ ಮುಗಿಸೋ ಹುಡುಗಿಯರಿಗೆ ನಮ್ಮ ಕಾಲೇಜುಗಳಲ್ಲಿ ಈ ಮಾತು ಹೇಳೋರೇ ಇಲ್ಲ. ಪದವಿಯಲ್ಲಿದ್ದರೆ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಮಾಡಿಕೊಳ್ಳಿ. ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ 50% ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ಅಧಿಕಾರಿ ಹುದ್ದೆಯ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಅರ್ಜಿ ಹಾಕಬಹುದು.

ಆಳಂದ_ನಾಕಾ
ಅಕ್ಕೋರು ಬರೋಬ್ಬರಿ ಹೇಳಿದ್ರಿ. ಸ್ಕ್ರೀನ್‌ಶಾಟ್ ತಕ್ಕೊಂಡೆ.

ಒಣಬೇಸಾಯ
ಯಾರೂ ಮುಟ್ಟದ ಮಾತು: ಹೋಗೋರು ಯಾರು? ಮೊದಲ ವರ್ಷ ಸಂಬಳ 30,000, ಅದರಲ್ಲಿ 9,000 ಸೇವಾ ನಿಧಿಗೆ (ಕೊನೆಗೆ ಒಟ್ಟಿಗೆ ಸಿಗೋ ದುಡ್ಡು) ಹೋಗಿ ಕೈಗೆ 21,000. ನಾಲ್ಕನೇ ವರ್ಷ 40,000, ಕೈಗೆ 28,000. ನಾಲ್ಕು ವರ್ಷಕ್ಕೆ ಹುಡುಗನ ಪಾಲು 5.02 ಲಕ್ಷ, ಸರ್ಕಾರ ಅಷ್ಟೇ ಸೇರಿಸುತ್ತದೆ, ಬಡ್ಡಿ ಸೇರಿ ಸುಮಾರು 11.71 ಲಕ್ಷ. ತೆರಿಗೆ ಇಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನೋ ದರ್ಜೆಯೂ ಇಲ್ಲ. ಕಾಯಂ ಆಗೋದು 25%ವರೆಗೆ. ನಡುವೆ ಬೇಜಾರಾಯ್ತು ಅಂತ ಬಿಟ್ಟು ಬರೋ ಹಾಗಿಲ್ಲ. ಕರ್ತವ್ಯದಲ್ಲಿ ಜೀವ ಹೋದರೆ 48 ಲಕ್ಷ ವಿಮೆ, ಜೊತೆಗೆ 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ. ಅಂಗವೈಕಲ್ಯ 100% ಆದರೆ 44 ಲಕ್ಷ, 75ಕ್ಕೆ 25, 50ಕ್ಕೆ 15.

ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರೋದು ಯಾರು ಅಂತ ನೋಡಿ. ಎರಡು ಎಕರೆ ಒಣಭೂಮಿ ಇರೋ ಮನೆಯವರು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ "ಇನ್ನೂ ಹೊಡೀಬೇಕಿತ್ತು" ಅಂದವನಿಗೆ ಸೇವಾ ನಿಧಿ ಅಂದರೆ ಏನಂತ ಕೇಳಿ ನೋಡಿ. ಹಾಗಾಗಿ "ನೀನೇ ಹೋಗು" ಅನ್ನೋದರ ಒಳಗೆ ಒಂದು ಖರೇ ಮಾತಿದೆ. ಅದು ಹೇಡಿತನದ ಮಾತಲ್ಲ, ಲೆಕ್ಕ ಯಾರ ಮನೆಗೆ ಬರುತ್ತದೆ ಅನ್ನೋ ಮಾತು.

ಶಹಾಬಾದ್_ಕಲ್ಲು
ಇದನ್ನ ಒಪ್ತೀನಿ. ಹಂಗಂತ ಬಡವ ಬಡತನಕ್ಕ ಅಷ್ಟೇ ಹೋಗ್ತಾನ ಅನ್ನಬ್ಯಾಡ್ರಿ, ಅದೂ ಅವಮಾನ.

ಮಾಜಿ_ಹವಾಲ್ದಾರ್
ಎರಡೂ ಇರುತ್ತೆ. ಸಂಬಳಕ್ಕೆ ಹೋಗಿ ಪಲ್ಟನ್ನಿಗೆ ನಿಲ್ಲೋದೇ ಹೆಚ್ಚು.

ಕಾಯ್ದೆ_ಕಟ್ಟು
ವಾದದ ನಿಜವಾದ ಬಿರುಕು ಬೇರೆ ಕಡೆ ಇದೆ. "ಸೇವೆ ಮಾಡಿದವರಿಗೆ ಮಾತ್ರ ಮಾತಿನ ಹಕ್ಕು" ಅಂದರೆ ಏನಾಗುತ್ತೆ? ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. 1950ರ ಸೇನಾ ಕಾಯ್ದೆಯ 21ನೇ ಕಲಮಿನಡಿ ಪತ್ರಿಕೆಗೆ ಬರೆಯುವುದು, ರಾಜಕೀಯ ಸಭೆಗೆ ಹೋಗುವುದು ಎಲ್ಲಕ್ಕೂ ಕಡಿವಾಣ. ಗಡಿಯಲ್ಲಿ ನಿಂತವನು ಕಾನೂನಿನ ಪ್ರಕಾರ ಮಾತಾಡೋ ಹಾಗಿಲ್ಲ, ಊರಲ್ಲಿರೋನು ನಿಮ್ಮ ಪ್ರಕಾರ ಮಾತಾಡೋ ಹಾಗಿಲ್ಲ. ಹಾಗಾದರೆ ಮಾತಾಡೋದು ಯಾರು? ಸೈನಿಕನ ಪರವಾಗಿ ಪ್ರಶ್ನೆ ಕೇಳಬೇಕಾದ್ದೇ ನಾಗರಿಕ.
ಇನ್ನೊಂದು. 23(2)ರ ಪ್ರಕಾರ ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ಹೇರಬಹುದು, ಧರ್ಮ, ಜನಾಂಗ, ಜಾತಿ, ವರ್ಗದ ಭೇದ ಮಾಡದೆ. 51ಎ(ಡಿ) ಕರೆ ಬಂದಾಗ ದೇಶಸೇವೆ ಮಾಡುವುದು ಕರ್ತವ್ಯ ಅನ್ನುತ್ತದೆ. ಅಂದರೆ ಕರೆ ಬರಬೇಕು. ಇಲ್ಲಿಯ ತನಕ ನಮ್ಮಲ್ಲಿ ಕಡ್ಡಾಯ ಭರ್ತಿ ಆಗಿಲ್ಲ.

ಯಾದಗಿರಿ_ಎಕ್ಸ್‌ಪ್ರೆಸ್
ಕಡ್ಡಾಯ ಮಾಡಿಬಿಡ್ಲಿ. ಎಲ್ಲರ ಹುರುಪು ತಣ್ಣಗಾಗ್ತದ.

ಹುಮನಾಬಾದ್_ಜಂಕ್ಷನ್
ಈ ಆಸೆ ಅಮೆರಿಕದಲ್ಲಿ ಒಬ್ಬರು ಮಸೂದೆಯನ್ನೇ ಮಾಡಿ ತಂದಿದ್ದರು. ಇರಾಕ್ ಯುದ್ಧಕ್ಕೆ ಮುಂಚೆ, 2003ರ ಜನವರಿಯಲ್ಲಿ, ನ್ಯೂಯಾರ್ಕಿನ ಸಂಸದ ಚಾರ್ಲ್ಸ್ ರ‍್ಯಾಂಗೆಲ್. ಅವರೇ ಕೊರಿಯಾ ಯುದ್ಧದಲ್ಲಿ ಹೋರಾಡಿದವರು. ತಮ್ಮ ಮಕ್ಕಳೂ ಹೋಗಬೇಕಾದರೆ ಸಂಸದರು ಯುದ್ಧಕ್ಕೆ ಕೈ ಎತ್ತುವ ಮುಂಚೆ ಎರಡು ಸಲ ಯೋಚಿಸುತ್ತಾರೆ ಅನ್ನೋದು ಅವರ ತರ್ಕ. 2004ರ ಅಕ್ಟೋಬರಿನಲ್ಲಿ ಮತಕ್ಕೆ ಹಾಕಿದರು: ವಿರುದ್ಧ 402, ಪರ 2. ರ‍್ಯಾಂಗೆಲ್ ತಾವೇ ವಿರುದ್ಧ ಮತ ಹಾಕಿದರು, ಚರ್ಚೆಗೇ ಅವಕಾಶ ಕೊಡದೆ ತಂದಿದ್ದಾರೆ ಅಂತ.

ಕಡ್ಡಾಯ ಮಾಡಿದರೆ ಸಮಾನತೆ ಬರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ವಿಯೆಟ್ನಾಂ ಕಾಲದಲ್ಲಿ ಅಲ್ಲಿ ಕಡ್ಡಾಯ ಭರ್ತಿ ಇತ್ತು, ಆದರೆ ಕಾಲೇಜಿಗೆ ಸೇರಿದವರಿಗೆ ಮುಂದೂಡಿಕೆ ಸಿಗುತ್ತಿತ್ತು. ದುಡ್ಡಿದ್ದವರು ಓದಿದರು, ಇಲ್ಲದವರು ಹೋದರು. 1969ರ ಡಿಸೆಂಬರ್ 1ಕ್ಕೆ ಹುಟ್ಟಿದ ದಿನದ ಮೇಲೆ ಲಾಟರಿ ಎತ್ತಿದರು. 366 ಚೀಟಿ, ಮೊದಲು ಬಂದದ್ದು ಸೆಪ್ಟೆಂಬರ್ 14. ಚೀಟಿ ಬಂದ ಕ್ರಮವೇ ನಂಬರ್, ಸಣ್ಣ ನಂಬರಿಗೆ ಮೊದಲು ಕರೆ; ಆ ಲಾಟರಿಯಲ್ಲಿ 195ನೇ ನಂಬರಿನ ತನಕ ಕರೆ ಹೋಯಿತು. 1973ಕ್ಕೆ ಕಡ್ಡಾಯ ಭರ್ತಿ ನಿಂತಿತು.

ಅಂಕಿ_ಅಂಶ
ಆ ಲಾಟರಿಯ ತಮಾಷೆ ನಮ್ಮ ಸ್ಟಾಟಿಸ್ಟಿಕ್ಸ್ ಹುಡುಗರಿಗೆ ಚೆನ್ನಾಗಿ ಗೊತ್ತು. ಚೀಟಿಗಳನ್ನು ತಿಂಗಳ ಪ್ರಕಾರ ಹಾಕಿ ಸರಿಯಾಗಿ ಕಲಸಲಿಲ್ಲ. ಕೊನೆಗೆ ಹಾಕಿದ ನವೆಂಬರ್, ಡಿಸೆಂಬರ್ ಮೇಲೇ ಉಳಿದವು. ಹಾಗಾಗಿ ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ಸಣ್ಣ ನಂಬರ್ ಹೆಚ್ಚು ಬಿತ್ತು. ಮುಂದಿನ ವರ್ಷ ವಿಧಾನ ಬದಲಿಸಿದರು.

ಆಳಂದ_ನಾಕಾ
ಚೀಟಿ ಕಲಸದೆ ಜೀವ ಹೋದ್ವು ಅಂದಂಗಾಯ್ತು.

ಶರಣಮ್ಮನ_ಮಗಳು
ದಕ್ಷಿಣ ಕೊರಿಯಾದಲ್ಲಿ ಕಡ್ಡಾಯ ಸೇವೆಗೆ ಪಾಪ್ ಗಾಯಕರ ತಂಡ ಬಿಟಿಎಸ್‌ನವರನ್ನೂ ಬಿಡಲಿಲ್ಲ. ಜಿನ್ 2022ರ ಡಿಸೆಂಬರಿಗೆ ಹೋಗಿ 2024ರ ಜೂನಿಗೆ ಬಂದ, ಪೂರಾ 18 ತಿಂಗಳು. ಆದರೆ ಅಲ್ಲಿಯೂ "ಯುದ್ಧ ಬೇಕಾ" ಅನ್ನೋ ಚರ್ಚೆ ಮುಗಿದಿಲ್ಲ. ಎಲ್ಲರೂ ಹೋಗಿ ಬಂದರೂ ಅಭಿಪ್ರಾಯ ಬೇರೆ ಬೇರೆನೇ ಇರುತ್ತೆ.

ಹುಮನಾಬಾದ್_ಜಂಕ್ಷನ್
ಉಕ್ರೇನಿನಲ್ಲಿ ಕರೆಯುವ ವಯಸ್ಸನ್ನು 2024ರ ಏಪ್ರಿಲ್‌ನಲ್ಲಿ 27ರಿಂದ 25ಕ್ಕೆ ಇಳಿಸಿದರು. ಇನ್ನೂ ಇಳಿಸಬೇಕೋ ಬೇಡವೋ ಅಂತ ಅಲ್ಲಿ ನಡೆಯುವ ಜಗಳದ ಮುಂದೆ ನಮ್ಮ ಗ್ರೂಪಿನದು ಮಕ್ಕಳಾಟ.

ಬಿದ್ರಿ_ಕುಸುರಿ
ನಮ್ಮ ಬೀದರ್‌ನಾಗ ದಿನಾ ತಲಿ ಮ್ಯಾಲ ಯುದ್ಧವಿಮಾನ ಹಾರ್ತಾವ, ನಾವು ಎಷ್ಟು ಶಾಂತ ಇದ್ದೀವಿ ನೋಡ್ರಿ.

ಯಾದಗಿರಿ_ಎಕ್ಸ್‌ಪ್ರೆಸ್
ಅವು ಸೂರ್ಯಕಿರಣ ಅಲ್ಲೇನ್ರಿ? ಕಸರತ್ತಿನವು.

ಬಿದ್ರಿ_ಕುಸುರಿ
ಸೂರ್ಯಕಿರಣ ತಂಡದ ನೆಲೆ ಬೀದರೇ, ಆದ್ರ ದಿನಾ ಹಾರೂವು ತರಬೇತಿಯ ಹಾಕ್. ಫೈಟರ್ ಪೈಲಟ್ ಆಗೋರು ಇಲ್ಲಿ ಕಲ್ತು ಹೋಗ್ತಾರ. ಕೆಂಪು ಬಿಳಿ ಬಣ್ಣ ಇದ್ರ ಸೂರ್ಯಕಿರಣ. ಈಗ ಅದೂ ಹಾಕ್ ವಿಮಾನಾನೇ, ಮುಂಚೆ ಕಿರಣ್ ಇತ್ತು.

ಕಟ್ಟೆ_ನಿರ್ವಾಹಕ
ವಿಮಾನಕ್ಕೆ ಬೇರೆ ಎಳೆ ತೆರೆಯಿರಿ. ವಿಷಯಕ್ಕೆ ಬನ್ನಿ.

ಗೋದಾವರಿ_ಮಾಂಜ್ರಾ (ಬಸವಕಲ್ಯಾಣ)
ನೀವೆಲ್ಲಾ ಯುದ್ಧ ಅಂದರೆ ಸೈನಿಕ ಅಂತಲೇ ಹಿಡಿದುಕೊಂಡಿದ್ದೀರಿ. ನಮ್ಮ ಮೂರೂ ಜಿಲ್ಲೆಯ ಚರಿತ್ರೆ ಹಾಗಿಲ್ಲ. 1948ರಲ್ಲಿ, ಆಗ ನಾವಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನದ ಮೇಲೆ, ಸೈನ್ಯದ ಕಾರ್ಯಾಚರಣೆ ಸೆಪ್ಟೆಂಬರ್ 13ಕ್ಕೆ ಶುರುವಾಗಿ ಐದು ದಿನದೊಳಗೆ ಮುಗಿಯಿತು. ಅದಕ್ಕಾಗೇ 17ಕ್ಕೆ ಧ್ವಜ ಹಾರಿಸುತ್ತೇವೆ. ಆದರೆ ಅದಕ್ಕೆ ಮುಂಚೆ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರದ ರಜಾಕಾರರು ಊರವರನ್ನು ಕೊಂದರು. ಅದಾದ ಮೇಲೆ ನಡೆದ ಹಿಂಸೆಯ ಬಗ್ಗೆ ಸುಂದರಲಾಲ್ ಸಮಿತಿ ವರದಿ ಬರೆಯಿತು, ಅದು ಸಾರ್ವಜನಿಕರ ಕೈಗೆ ಬಂದದ್ದು 2013ರಲ್ಲಿ. ಅತಿ ಹೆಚ್ಚು ಪೆಟ್ಟು ಬಿದ್ದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಸತ್ತವರು ಯಾವ ಧರ್ಮದವರೇ ಇರಲಿ, ಸಮವಸ್ತ್ರ ಹಾಕಿದವರು ಅಲ್ಲ. "ಸೇನೆ ಸೇರಿದ್ದೀನಿ, ಆದ್ದರಿಂದ ಯುದ್ಧ ಬೇಕು ಅನ್ನೋ ಹಕ್ಕಿದೆ" ಅಂತ ಒಬ್ಬ ಅಂದರೂ, ಅವನು ಒಪ್ಪಿಕೊಂಡದ್ದು ತನ್ನ ಪಾಲಿನ ಅಪಾಯ ಮಾತ್ರ. ಗಡಿಯ ಪೂಂಛ್‌ನಲ್ಲಿ ಶೆಲ್ ಬಿದ್ದ ಮನೆಯವರ ಪಾಲಿಗೆ ಅವನೇನು ಸಹಿ ಹಾಕಿರಲಿಲ್ಲ.

ಸೂಪರ್‌ಮಾರ್ಕೆಟ್_ಕಟ್ಟಿ
ಇದು ಜಬರ್ ಪಾಯಿಂಟ್. ಆದ್ರ ಇದು ನನ್ನ ಕಡಿಗೇ ಬರ್ತದ. ಹಗುರಾಗಿ ಯುದ್ಧ ಕೇಳಬ್ಯಾಡ್ರಿ ಅಂತಲೇ ನಾನೂ ಹೇಳೂದು.

ಗೋದಾವರಿ_ಮಾಂಜ್ರಾ
ಹಗುರಾಗಿ ಕೇಳಬೇಡಿ ಅನ್ನೋದು ಬೇರೆ, ಸೇರಿದವನು ಕೇಳಬಹುದು ಅನ್ನೋದು ಬೇರೆ.

ಕಟ್ಟೆ_ನಿರ್ವಾಹಕ
1948ರ ಬಗ್ಗೆ ಧರ್ಮದ ಮೇಲೆ ಎಳೆದಾಡಿದ ಎರಡು ಉತ್ತರ ತೆಗೆದಿದ್ದೇನೆ.

ಒಣಬೇಸಾಯ
ಬೆಂಬಲ ಅಂದರೆ ಬಂದೂಕು ಇಲ್ಲವೇ ಸ್ಟೇಟಸ್, ಮಧ್ಯೆ ಏನೂ ಇಲ್ಲವಾ? 2025ರ ಮೇ 7ರ ನಾಗರಿಕ ರಕ್ಷಣೆಯ ಅಣಕು ಕಸರತ್ತಿಗೆ ನಮ್ಮ ಪಕ್ಕದ ರಾಯಚೂರು ಪಟ್ಟಿಯಲ್ಲಿತ್ತು. ಸೈರನ್ ಏರಿಳಿದರೆ ಅಪಾಯ, ಒಂದೇ ಸಮ ಕೂಗಿದರೆ ಅಪಾಯ ಕಳೆಯಿತು ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಟಿವಿಯವರು ರೋಚಕತೆಗೆ ಸೈರನ್ ಬಾರಿಸಿ ಬಾರಿಸಿ, ಕಡೆಗೆ ಕೇಂದ್ರವೇ ಆ ಸದ್ದು ಬಳಸಬೇಡಿ ಅಂತ ಸೂಚನೆ ಕೊಡಬೇಕಾಯಿತು. ಜನ ನಿಜವಾದ ಸೈರನ್ನಿಗೂ ಕಿವಿಗೊಡದ ಹಾಗೆ ಆಗುತ್ತೆ ಅನ್ನೋದು ಭಯ. ನಾಗರಿಕ ರಕ್ಷಣಾ ಸ್ವಯಂಸೇವಕ, ಗೃಹರಕ್ಷಕ ದಳ ಎರಡಕ್ಕೂ 166 ಸೆಂ.ಮೀ ಬೇಕಾಗಿಲ್ಲ. ರಕ್ತ ಕೊಡೋಕೆ 18 ತುಂಬಿ, 45 ಕೆಜಿ ಇದ್ದು, ಹಿಮೋಗ್ಲೋಬಿನ್ 12.5 ಇದ್ದರೆ ಸಾಕು.

ಸೂಪರ್‌ಮಾರ್ಕೆಟ್_ಕಟ್ಟಿ
ರಕ್ತ ಕೊಡೂ ಕ್ಯಾಂಪಿಗೂ ಸ್ಟೇಟಸ್ ಹಾಕ್ಲಿಕ್ಕಷ್ಟೇ ಹೋಗ್ತಾರ ಬಿಡ್ರಿ.

ತೊಗರಿ_ಕಣಜ
ಭಾಳ ಛಂದ ಬಂತು. ನನಗ "ವಿಷಯದ ಪರ" ಬಂದದ. ಅಂದ್ರ ಹೊಣೆ ಅದ ಅಂತ ವಾದ ಮಾಡ್ಬೇಕು. ಶಹಾಬಾದ್ ಅಣ್ಣನ "ಆಯ್ಕೆ, ಹಾಜರಿ ಅಲ್ಲ" ಅನ್ನೂದಕ್ಕ ಏನು ಹೇಳ್ಲಿ?

ಕಾಯ್ದೆ_ಕಟ್ಟು
ವಿಷಯದ ಪದ ನೋಡಿ: "ಹೊಣೆ" ಅಂದಿದೆ, "ಹಕ್ಕು" ಅಂದಿಲ್ಲ. ಸೇರದವನಿಗೆ ಮಾತಿನ ಹಕ್ಕಿಲ್ಲ ಅಂತ ನೀವು ಸಾಧಿಸಬೇಕಾಗಿಲ್ಲ. ಅದನ್ನು ಮೊದಲ ನಿಮಿಷದಲ್ಲೇ ಬಿಟ್ಟುಕೊಡಿ, ಎದುರಾಳಿಯ ಅರ್ಧ ಭಾಷಣ ಅಲ್ಲೇ ಬಿದ್ದು ಹೋಗುತ್ತೆ. ಆಮೇಲೆ ಒಣಬೇಸಾಯ ಅವರ ಸಂಬಳದ ಲೆಕ್ಕ ಹಿಡಿಯಿರಿ: ಬೆಲೆ ಹಂಚಿಕೆ ಸಮ ಇಲ್ಲ, ಬೆಂಬಲಿಸುವವನು ಒಂದು ಪಾಲು ಹೊರಬೇಕು. ರ‍್ಯಾಂಗೆಲ್ ಉದಾಹರಣೆ ಎರಡು ಕಡೆಗೂ ಕೊಯ್ಯುತ್ತೆ, 402 ಅನ್ನೋ ಸಂಖ್ಯೆಯನ್ನು ಎದುರಾಳಿ ಎತ್ತಬಹುದು. ತಯಾರಿರಿ.

ಶಹಾಬಾದ್_ಕಲ್ಲು
ಎದುರಾಳಿ ಪರವಾಗಿ ನಾನೇ ಹೇಳ್ತೀನಿ: "ಹೊಣೆ" ಅಂದ್ರ ಯುದ್ಧ ವಿರೋಧಿಸೋನಿಗೆ ಹೊಣೆ ಇಲ್ಲೇನು? ನಾಳೆ ದಾಳಿ ಆದ್ರ ಅವನನ್ನೂ ಅದೇ ಜವಾನ ಕಾಯ್ತಾನ. ಹೊಣೆ ಇದ್ರ ಇಬ್ಬರಿಗೂ ಅದ. 51ಎ(ಡಿ) ಬೆಂಬಲಿಗ, ವಿರೋಧಿ ಅಂತ ಬ್ಯಾರೆ ಮಾಡಿಲ್ಲ.

ತೊಗರಿ_ಕಣಜ
ಇದಕ್ಕ ಉತ್ತರ ಹೊಳೀವಲ್ದು.

ಹುಮನಾಬಾದ್_ಜಂಕ್ಷನ್
ಹೊಳೆಯುತ್ತೆ. ರಕ್ಷಣೆಗೆ ಇಬ್ಬರೂ ಹೊಣೆ, ನಿಜ. "ಇನ್ನೂ ಹೊಡೀಬೇಕಿತ್ತು" ಅನ್ನೋದು ರಕ್ಷಣೆಗಿಂತ ಹೆಚ್ಚಿನ ಬೇಡಿಕೆ. ಆ ಹೆಚ್ಚಿನದಕ್ಕೆ ಕೇಳಿದವನೇ ಹೊಣೆ. ಮತದಾನದ ವಯಸ್ಸನ್ನೂ ಸೇರಿಸಿ. ಅಮೆರಿಕದಲ್ಲಿ 1971ರಲ್ಲಿ 18ಕ್ಕೆ ಇಳಿಸಿದ್ದು "ಯುದ್ಧಕ್ಕೆ ಕಳಿಸೋ ವಯಸ್ಸಿಗೆ ವೋಟೂ ಕೊಡಿ" ಅನ್ನೋ ಒತ್ತಾಯದಿಂದ. ನಮ್ಮಲ್ಲಿ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದು 21 ಹೋಗಿ 18 ಆಯಿತು, ಯುದ್ಧದ ಮಾತೇ ಇಲ್ಲದೆ. ಅಗ್ನಿವೀರ್ ಆಗೋದಕ್ಕೆ ಹದಿನೇಳೂವರೆ ಸಾಕು, ವೋಟಿಗೆ 18 ಬೇಕು. ಆ ಆರು ತಿಂಗಳ ಬಗ್ಗೆ ತೀರ್ಪುಗಾರರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ.

ಯಾದಗಿರಿ_ಎಕ್ಸ್‌ಪ್ರೆಸ್
ಚರ್ಚೆ ನಡೀಲಿ. ಕಾಕಾ, ದಾಖಲೆ ಏನೇನು ಬೇಕು, ಅದೊಂದು ಹೇಳಿಬಿಡ್ರಿ. ನಾ ಅರ್ಜಿ ಹಾಕೋನು ಇದ್ದೀನಿ.

ಮಾಜಿ_ಹವಾಲ್ದಾರ್
ಶಭಾಷ್. ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವಾಸಸ್ಥಳ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ, ಅವಿವಾಹಿತ ಪ್ರಮಾಣಪತ್ರ. ಕೊನೆಯ ಎರಡು ಆರು ತಿಂಗಳಿಗಿಂತ ಹಳೇದಾಗಿರಬಾರದು, ಹಾಗಾಗಿ ಈಗಲೇ ಮಾಡಿಸಿ ಇಡಬೇಡ, ಪರೀಕ್ಷೆ ಫಲಿತಾಂಶ ಬಂದ ಮೇಲೆ ಮಾಡಿಸು. 10 ರೂಪಾಯಿ ಛಾಪಾ ಕಾಗದದ ಮೇಲೆ ಅಫಿಡವಿಟ್. ಬಿಳಿ ಹಿನ್ನೆಲೆಯ ಫೋಟೋ 20 ಪ್ರತಿ, ಮೊಬೈಲಿನಲ್ಲಿ ತೆಗೆದು ಬಣ್ಣ ತಿದ್ದಿದ್ದು ನಡೆಯೋಲ್ಲ. ಹುಡುಗರು ವಾಪಸ್ ಬರೋದು ಹೆಚ್ಚಾಗಿ ಹೆಸರಿನ ಗೊಂದಲಕ್ಕೆ: ಅಂಕಪಟ್ಟಿಯಲ್ಲಿ "ಮಲ್ಲಿಕಾರ್ಜುನ", ಆಧಾರದಲ್ಲಿ "ಮಲ್ಲಣ್ಣ". ತಂದೆ ತಾಯಿ ಹೆಸರಿನ ಅಕ್ಷರವೂ ಒಂದೇ ಇರಬೇಕು. ಆಧಾರ್ ತಿದ್ದಿಸೋದಿದ್ದರೆ ಇವತ್ತೇ ಹೋಗು. ಹಚ್ಚೆ ಇದೆಯಾ?

ಯಾದಗಿರಿ_ಎಕ್ಸ್‌ಪ್ರೆಸ್
ಮುಂಗೈ ಒಳಭಾಗಕ್ಕ ಅದ್ರಿ. ಅವ್ವನ ಹೆಸರು.

ಮಾಜಿ_ಹವಾಲ್ದಾರ್
ಒಳಭಾಗ ಆದರೆ ನಡೆಯುತ್ತೆ. ಫಲಿತಾಂಶ ಬಂದ ಮೇಲೆ ಇಲ್ಲೇ ಬರೀ.